ಗಡಿಯ ಮರೆಯಲ್ಲಿ ಕೂತವಳು

ಅವಳಿಗೆ ಮಾತೇ ಬರುವುದಿಲ್ಲವೇನೋ ಎಂದು ಕಾಲೇಜೆಲ್ಲ ಅಂದುಕೊಂಡಿದ್ದ ಕಾಲದಲ್ಲಿ ಅವಳು ದಿನಕ್ಕೆರಡು ಸಲ ನನ್ನ ತಲೆ ತಿನ್ನುತ್ತಿದ್ದಳು. ಬೆಳಿಗ್ಗೆ ದಿಗ್ಗೇವಾಡಿಯಿಂದ ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ, ಸಂಜೆ ತಿರುಗಿ ಬರುವಾಗ ಒಮ್ಮೆ. ಕಿಟಕಿಯ ಸೀಟು ಅವಳದು. ಮುಖ ಹೊರಗೆ ಮಾಡಿ, ಗಾಜಿನ ಜೊತೆ ಮಾತಾಡುವವಳ ಹಾಗೆ ಮಾತಾಡುತ್ತಿದ್ದಳು. ಹಿಂದಿನ ಸೀಟಿನವರಿಗೆ ಅವಳ ತುಟಿ ಕಾಣುತ್ತಿರಲಿಲ್ಲ. ನಾನೊಬ್ಬಳೇ ಸುಮ್ಮಸುಮ್ಮನೆ ನಗುವುದು ಕಾಣುತ್ತಿತ್ತು. ನನಗೇ ಏನೋ ಹೆಚ್ಚುಕಡಿಮೆ ಇರಬೇಕು ಎಂದು ಕಂಡಕ್ಟರ್ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಆ ಕಂಡಕ್ಟರನನ್ನೂ ಅವಳು ಬಿಟ್ಟವಳಲ್ಲ. ಚಿಲ್ಲರೆ ಕೇಳಿದರೆ ಮೂಗಿನಲ್ಲೇ ಗೊಣಗುವ ಅವನ ದನಿ, ಪ್ರತಿ ವಾಕ್ಯಕ್ಕೂ ಮೊದಲು 'ಅಂದ್ರ ಏನಪಾ ಅಂದ್ರ' ಎನ್ನುತ್ತಿದ್ದ ನಮ್ಮ ಫಿಜಿಕ್ಸ್ ಸರ್, ಮಿರಜಿನ ಕಡೆಯಿಂದ ಬಂದು ಅವಳ ಅವ್ವ ಬಡಿದ ರೊಟ್ಟಿಯಲ್ಲಿ ಕೊಂಕು ಹುಡುಕುತ್ತಿದ್ದ ಅವ್ವನ ಅಕ್ಕತಂಗಿಯರಾದ ಮೌಶಿಯರು, ಎಲ್ಲರೂ ಆ ಕಿಟಕಿಯ ಪಕ್ಕ ಬಂದು ಹೋಗುತ್ತಿದ್ದರು. ಕನ್ನಡದವರು ಕನ್ನಡದಲ್ಲಿ, ಮರಾಠಿಯವರು ಮರಾಠಿಯಲ್ಲಿ. ಅವಳ ಅವ್ವನ ತವರು ಮಹಾರಾಷ್ಟ್ರದ್ದು, ಅಪ್ಪ ನಮ್ಮೂರಿನವರೇ. ಒಂದಿಷ್ಟು ಕಬ್ಬು, ಎರಡು ಎಮ್ಮೆ, ಎರಡು ಭಾಷೆಯ ಮನೆ. ಎರಡರಲ್ಲೂ ಬೈಯಲು ಬರುತ್ತಿತ್ತು ಅವಳಿಗೆ. ಅಷ್ಟು ಚುರುಕು ನಾಲಿಗೆಯ ಹುಡುಗಿಯನ್ನು ನಾನು ಆಮೇಲೆ ಕಂಡಿಲ್ಲ.

ಬಸ್ಸಿನಿಂದ ಇಳಿದಳೋ, ಮುಗಿಯಿತು. ಬೇರೆ ಹುಡುಗಿ. ಒಂದು ಪೆನ್ನು ಬೇಕಾದರೂ ಅಂಗಡಿಯ ಮುಂದೆ ನಿಂತು, ಕೇಳಬೇಕಾದ ಮಾತನ್ನು ಬೆರಳಿನಿಂದ ಅಂಗೈ ಮೇಲೆ ಬರೆದು ನೋಡಿಕೊಳ್ಳುವಳು. ಅಷ್ಟರಲ್ಲಿ ಬೇರೆ ಗಿರಾಕಿ ಬಂದರೆ ತಿರುಗಿ ಬಂದುಬಿಡುವಳು. ಬೆವರಿಗೆ ನೋಟ್‌ಬುಕ್ಕಿನ ಹಾಳೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತಿತ್ತು, ಅದಕ್ಕೇ ಅಂಗೈ ಕೆಳಗೆ ಕರವಸ್ತ್ರ ಇಟ್ಟುಕೊಂಡು ಬರೆಯುತ್ತಿದ್ದಳು. ಮಂದಿಯ ಮುಂದೆ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ನಾವಿಬ್ಬರೂ ಕಾಲೇಜಿನ ಹಿಂದಿನ ನೀರಿನ ಟಾಕಿಯ ಬುಡದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು. ನಾನು ಜ್ವರವೆಂದು ಮನೆಯಲ್ಲಿದ್ದ ಒಂದು ದಿನ ಅವಳು ಇಳಿಯಬೇಕಾದ ಕಡೆ 'ನಿಂದರಸ್ರಿ' ಎನ್ನಲಾಗದೆ ಮುಂದಿನ ಊರಿನಲ್ಲಿ ಯಾರೋ ಇಳಿದಾಗ ಇಳಿದು, ಕಬ್ಬಿನ ಟ್ರ್ಯಾಕ್ಟರುಗಳ ಧೂಳಿನಲ್ಲಿ ಅಷ್ಟು ದೂರ ತಿರುಗಿ ನಡೆದು ಬಂದಳು. ಮರುದಿನ ಅದನ್ನೇ ನಗುತ್ತಾ ಹೇಳಿದಳು. ನಾನೂ ನಕ್ಕೆ.

ಒಮ್ಮೆ ಕೇಳಿದೆ, "ಮಂದಿ ಏನ್ ನಿನ್ನ ತಿಂತಾರೇನಬೇ? ಹುಲಿ ಅದಾರೇನ?"

"ಹುಲಿ ಇದ್ರ ಚಲೋ ಇತ್ತು," ಅಂದಳು. "ಹುಲಿ ಕಂಡ್ರ ಓಡಿ ಹೋಗಬೌದು. ಯಾರೂ ನಗಂಗಿಲ್ಲ. ಮಂದಿ ಮುಂದ ಓಡಾಕ ಬರಂಗಿಲ್ಲ, ನಿಂತು ನಗಬೇಕಾಗತೈತಿ."

ಹದಿನೇಳು ವರ್ಷದ ಹುಡುಗಿ ಹೇಳಿದ ಮಾತು ಇದು. ಮುಂದೆ ಬಿ.ಇಡಿ. ಮಾಡುವಾಗ ಹದಿಹರೆಯದ ಮನಸ್ಸಿನ ಬಗ್ಗೆ ಎಷ್ಟೋ ಪುಟ ಬಾಯಿಪಾಠ ಮಾಡಿದೆ. ಇಷ್ಟು ನೇರವಾಗಿ ಎಲ್ಲೂ ಓದಲಿಲ್ಲ.

ಅಂಥವಳು ಅಷ್ಟು ದಿನ ಕಾಲೇಜಿನಲ್ಲಿ ಹೇಗೆ ಉಳಿದಳು ಎಂದು ಕೇಳಬಹುದು. ಗಡಿ ಉಳಿಸಿತು. ನಮ್ಮ ಸೀಮೆಯಲ್ಲಿ ಮಾತ್ರ ಆಗಬಹುದಾದ ಒಂದು ತಪ್ಪು ತಿಳಿವಳಿಕೆ ಅದು. ಸರ್ ಅವಳನ್ನು ಪ್ರಶ್ನೆ ಕೇಳಿದರೆ ಹಿಂದಿನ ಬೆಂಚಿನಿಂದ ಯಾರಾದರೂ ಹೇಳುತ್ತಿದ್ದರು, "ಆಕಿ ಮರಾಠಿ ಅದಾಳ್ರಿ ಸರ್, ಕನ್ನಡ ಬರಂಗಿಲ್ಲ." ಸರ್ ಪಾಪ, ಭಾಷೆಯ ಗೊಡವೆ ಯಾಕೆಂದು ಮುಂದಿನವಳನ್ನು ಎಬ್ಬಿಸುತ್ತಿದ್ದರು. ನಿಪ್ಪಾಣಿ ಕಡೆಯ ಮರಾಠಿ ಹುಡುಗಿಯರು ಬಂದು ಮಾತಾಡಿಸಿದರೆ ಇವಳು ಸುಮ್ಮನೆ ಹಲ್ಲು ಕಿರಿಯುವಳು. ಅವರು ತಮ್ಮತಮ್ಮಲ್ಲೇ "ಕಾನಡಿ ಆಹೆ ಗ ತೀ" ಎಂದುಕೊಂಡು, ಕನ್ನಡದವಳೆಂದು ಬಿಟ್ಟು ಹೋಗುತ್ತಿದ್ದರು. ಕನ್ನಡದವರಿಗೆ ಮರಾಠಿಯವಳು, ಮರಾಠಿಯವರಿಗೆ ಕನ್ನಡದವಳು. ಅಂಜಿಕೆಯವಳು ಎಂದು ಯಾರಿಗೂ ಹೊಳೆಯಲಿಲ್ಲ.

"ಈ ಗಡಿಯಿಂದ ಯಾರ್‌ಯಾರಿಗಿ ಏನೇನ್ ಉಪಯೋಗ ಆಗೈತೋ ಗೊತ್ತಿಲ್ಲ," ಎನ್ನುತ್ತಿದ್ದಳು ಬಸ್ಸಿನಲ್ಲಿ. "ನನಗಂತೂ ಆಗೈತಿ ನೋಡಬೇ. ನೀ ಮಾತ್ರ ಎಲ್ಲೂ ಬಾಯಿ ಬಿಡಬ್ಯಾಡ."

ಬಿಡುವುದಿಲ್ಲ ಎಂದು ಆಣೆ ಮಾಡಿದ್ದೆ.

ಇಲ್ಲಿ ನನ್ನ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅವಳ ಪರವಾಗಿ ಅಂಗಡಿಯಲ್ಲಿ ಪೆನ್ನು ಕೇಳುವವಳು ನಾನು, ಆಫೀಸಿನಲ್ಲಿ ಬಸ್ ಪಾಸಿನ ಅರ್ಜಿ ಕೊಡುವವಳು ನಾನು, 'ನಿಂದರಸ್ರಿ' ಎನ್ನುವವಳೂ ನಾನೇ. ಅವಳ ಅವ್ವ ನನ್ನನ್ನು ಕಂಡಾಗಲೆಲ್ಲ "ನೀ ಅದೀ ಅಂತ ಕಾಲೇಜಿಗಿ ಹೊಕ್ಕಾಳವ್ವಾ" ಎನ್ನುತ್ತಿದ್ದರು. ಆ ಮಾತು ನನಗೆ ಬೆಲ್ಲದಷ್ಟು ರುಚಿಸುತ್ತಿತ್ತು. ಆದರೆ ಬೆಲ್ಲವನ್ನೂ ದಿನಾ ತಿಂದರೆ ಸಾಕಾಗುತ್ತದೆ. ಎರಡನೆಯ ವರ್ಷದ ಹೊತ್ತಿಗೆ ನನಗೆ ಟಾಕಿಯ ಬುಡ ಬೇಸರವಾಗಿತ್ತು.

ನಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಚಿಕ್ಕೋಡಿಯ ಪೇಟೆಯ ಐದಾರು ಹುಡುಗಿಯರು ಕೂರುತ್ತಿದ್ದರು. ಒಬ್ಬಳ ಅಪ್ಪ ಡಾಕ್ಟರು, ಒಬ್ಬಳದು ಬಟ್ಟೆ ಅಂಗಡಿ. ಬುತ್ತಿಯಲ್ಲಿ ರೊಟ್ಟಿಯ ಬದಲು ನೂಡಲ್ಸ್ ತರುವವರು, ಕೈಯಲ್ಲಿ ದೊಡ್ಡ ಮೊಬೈಲು. ಆ ಮೆಟ್ಟಿಲು ಹತ್ತಿ ಹೋಗುವಾಗ ಅವರಲ್ಲೊಬ್ಬಳು 'ಬಾ, ಕೂಡು' ಎಂದರೆ ಸಾಕು, ಜನ್ಮ ಸಾರ್ಥಕ ಅನ್ನಿಸುತ್ತಿತ್ತು. ಈಗ ನಗು ಬರುತ್ತದೆ, ಆದರೆ ಆಗ ಹಾಗೇ ಇತ್ತು. ನಾನು ಮಾತುಗಾತಿ, ಆ ವರ್ಷದ ಗ್ಯಾದರಿಂಗಿಗೆ, ಅಂದರೆ ಕಾಲೇಜಿನ ವಾರ್ಷಿಕೋತ್ಸವಕ್ಕೆ, ನಿರೂಪಣೆ ಮಾಡಲು ಅದನ್ನು ನೋಡಿಕೊಳ್ಳುತ್ತಿದ್ದ ಸರ್ ನನ್ನನ್ನೂ ಅವರ ಜೊತೆ ಆರಿಸಿದರು. ಅಂತೂ ಮೆಟ್ಟಿಲ ಮೇಲೆ ಜಾಗ ಸಿಕ್ಕಿತು. ಅವಳಿಗೆ "ತಾಲೀಮು ಐತಿ, ನೀ ಊಟಾ ಮಾಡು" ಎಂದು ಹೇಳಿ ಬರುತ್ತಿದ್ದೆ. ಅವಳು ಒಬ್ಬಳೇ ಟಾಕಿಯ ಕಡೆ ಹೋಗುತ್ತಿದ್ದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಡಾಕ್ಟರ ಮಗಳು ಕೇಳಿದಳು, "ನಿನ್ನ ಬೆನ್ನ ಹಿಂದ ಇರತಾಳಲ್ಲ, ಆಕಿ ಮೂಗಿ ಏನ?"

ಉಳಿದವರು ನಕ್ಕರು. ನನಗೆ ಸಿಟ್ಟು ಬಂತು. ಅವಳನ್ನು ಮೂಗಿ ಎಂದದ್ದಕ್ಕಲ್ಲ, ಮೂಗಿಯ ಗೆಳತಿ ನಾನಾದೆನಲ್ಲ ಎಂದು.

"ಮೂಗಿ? ನಿಮ್ಮನ್ನೆಲ್ಲಾ ಹೆಂಗ್ ಮಾಡಿ ತೋರಸ್ತಾಳ ಗೊತ್ತೈತೇನ? ಕನ್ನಡಾನೂ ಬರತೈತಿ, ಮರಾಠೀನೂ ಬರತೈತಿ," ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಬಸ್ಸಿನಲ್ಲಿ ಅವಳು ನನಗೊಬ್ಬಳಿಗೇ ತೋರಿಸಿದ್ದ ಡಾಕ್ಟರ ಮಗಳ ಮಾತಿನ ಗತ್ತನ್ನು, ಮೊಬೈಲು ಹಿಡಿದು ಕೂದಲು ಹಿಂದೆ ಹಾಕುವ ರೀತಿಯನ್ನು ಎದ್ದು ನಿಂತು ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ.

"ಹೌದಾ?" ಅಂದಳು ಡಾಕ್ಟರ ಮಗಳು. "ಹಂಗಾರ ಗ್ಯಾದರಿಂಗದಾಗ ಮಾಡ್ಲಿ. ಎಲ್ಲಾರೂ ನೋಡೂಣು."

ಅಂದೇ ಸರ್ ಹತ್ತಿರ ಮಾತು ಹೋಯಿತು. ಸರ್ ನನ್ನನ್ನು ಕರೆದು ಕೇಳಿದರು, "ಖರೇನ ಮಾಡ್ತಾಳೇನವಾ? ಆಕಿ ಮಾತಾಡಿದ್ದು ನಾ ಒಮ್ಮೆನೂ ಕೇಳಿಲ್ಲ."

ಇಲ್ಲ ಎನ್ನಬಹುದಿತ್ತು. ಎರಡೇ ಅಕ್ಷರದ ಕೆಲಸ. ಮೆಟ್ಟಿಲಿನವರು ಬಾಗಿಲಲ್ಲಿ ನಿಂತಿದ್ದರು.

"ಮಾಡ್ತಾಳ್ರಿ ಸರ್," ಎಂದೆ. "ನಾಚಿಕಿ ಅಷ್ಟ. ಹೆಸರ ಮೊದಲ ಹೇಳಿದ್ರ ಬರಂಗಿಲ್ಲ. ಅವತ್ತ ಕರದಬಿಡೂಣು."

"ಚಲೋ ಆತು. ಒಮ್ಮೆ ಸ್ಟೇಜ್ ಹತ್ತಿಸಿದ್ರ ಎಲ್ಲಾ ನಾಚಿಕಿ ಹೋಗತೈತಿ," ಎಂದರು ಸರ್. ಅವರು ಕೆಟ್ಟವರಲ್ಲ. ಈಜು ಕಲಿಸಲು ಮಕ್ಕಳನ್ನು ಬಾವಿಗೆ ತಳ್ಳುವ ಕಾಲದವರು. ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ನಾನೂ ನನಗೆ ಹೇಳಿಕೊಂಡೆ. ಹೇಳಿಕೊಂಡೆ ಅಷ್ಟೆ, ನಂಬಲಿಲ್ಲ.

ಗ್ಯಾದರಿಂಗಿಗೆ ಅವಳು ಬರುವವಳೇ ಅಲ್ಲ. ಹಿಂದಿನ ವರ್ಷ ಹೊಟ್ಟೆನೋವೆಂದು ಮನೆಯಲ್ಲಿ ಉಳಿದಿದ್ದಳು. "ನನ್ನ ನಿರೂಪಣಾ ಕೇಳಾಕರ ಬಾ" ಎಂದು ನಾನೇ ಗಂಟು ಬಿದ್ದೆ. ಬಂದಳು. ಅವ್ವನ ಹಸಿರು ರೇಷ್ಮೆಯ ಸೀರೆಯಿಂದ ಹೊಲಿಸಿದ ಚೂಡಿದಾರ ಹಾಕಿಕೊಂಡು, ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಿದ್ದಳು. ನಾನು ಮೈಕಿನ ಮುಂದೆ ಬಂದಾಗಲೆಲ್ಲ ಅಲ್ಲಿಂದಲೇ ಕೈ ಎತ್ತದೆ ಎರಡು ಬೆರಳು ಮಾತ್ರ ಅಲ್ಲಾಡಿಸುತ್ತಿದ್ದಳು. ಚೆನ್ನಾಗಿ ಆಗುತ್ತಿದೆ ಎಂದು ಅದರ ಅರ್ಥ.

ಮಧ್ಯಾಹ್ನ ಮೂರರ ಸುಮಾರಿಗೆ ನಾನೇ ಕರೆದೆ. ಹೆಸರು ಹಿಡಿದು, ಊರು ಹೇಳಿ, "ಎರಡೂ ಭಾಷೆಯಲ್ಲಿ ನಗಿಸುವ ನಮ್ಮೆಲ್ಲರ ಮೆಚ್ಚಿನ ಗೆಳತಿ" ಎಂದು ಸೇರಿಸಿ. ಅವಳು ಏಳಲಿಲ್ಲ. ಅಕ್ಕಪಕ್ಕದ ಹುಡುಗಿಯರು ಎಬ್ಬಿಸಿದರು, ಚಪ್ಪಾಳೆ ತಟ್ಟುತ್ತಾ ದೂಡಿಕೊಂಡೇ ಬಂದರು. ಪ್ರೀತಿಯಿಂದಲೇ ದೂಡಿದರು. ಸ್ಟೇಜಿನ ಮೇಲೆ ಬಂದು ಮೈಕಿನ ಕೋಲು ಹಿಡಿದು ನಿಂತಳು.

ಎಷ್ಟು ಹೊತ್ತು ನಿಂತಳೋ ತಿಳಿಯದು. ಇದೂ ನಗಿಸುವ ಒಂದು ರೀತಿ ಇರಬೇಕೆಂದು ಒಂದಿಬ್ಬರು ನಕ್ಕರು. ಆಮೇಲೆ ಹುಡುಗರ ಕಡೆಯಿಂದ "ಮರಾಠಿತ ಬೋಲ ಗ" ಎಂದು ಒಬ್ಬ ಕೂಗಿದ. "ಕನ್ನಡದಾಗ ಮಾತಾಡಬೇ" ಎಂದು ಇನ್ನೊಬ್ಬ. ಎರಡೂ ಬರುತ್ತವೆ ಎಂದು ನಾನು ಮೈಕಿನಲ್ಲಿ ಸಾರಿಯಾಗಿತ್ತು. ಅಡಗಲು ಈ ಕಡೆಯೂ ಜಾಗವಿರಲಿಲ್ಲ, ಆ ಕಡೆಯೂ ಇರಲಿಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು. ಎಂದಿನಂತೆ ತನ್ನ ಪರವಾಗಿ ನಾನು ಏನಾದರೂ ಹೇಳುತ್ತೇನೆ ಎಂದು ಕಾದಳು.

ಹೇಳಿದೆ. ಇನ್ನೊಂದು ಮೈಕು ಕೈಯಲ್ಲೇ ಇತ್ತು. "ನಮ್ಮ ಗೆಳತಿ ಸ್ವಲ್ಪ ನಾಚಿಕೊಂಡಾಳ, ಜೋರಾಗಿ ಚಪ್ಪಾಳಿ ಹೊಡೀರಿ" ಎಂದೆ.

ಚಪ್ಪಾಳೆ ಜೋರಾಯಿತು. ಅವಳು ಅಲ್ಲೇ ಕುಸಿದು ಕೂತು, ಓಡಣಿಯನ್ನು ಮುಖದ ಮೇಲೆ ಎಳೆದುಕೊಂಡಳು. ಮುಂದಿನ ಸಾಲಿನಲ್ಲಿ ಮೊಬೈಲುಗಳು ಮೇಲೆದ್ದವು. ಇಬ್ಬರು ಮೇಡಮ್ಮರು ಬಂದು ಎಬ್ಬಿಸಿಕೊಂಡು ಹೋದರು. ನಾನು ಮುಂದಿನ ಹಾಡಿನ ಹೆಸರು ಓದಿದೆ.

ಮರುದಿನ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಬ್ಯಾಗು ಇಟ್ಟು ಕಾದೆ. ಬರಲಿಲ್ಲ. ನಾಲ್ಕನೆಯ ದಿನ ಬ್ಯಾಗು ತೆಗೆದೆ. ಅವಳು ಮತ್ತೆ ಕಾಲೇಜಿಗೆ ಬರಲೇ ಇಲ್ಲ, ಪರೀಕ್ಷೆಗೂ ಕೂರಲಿಲ್ಲ. ಅವಳ ಮನೆ ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ. ಹಿಟ್ಟಿನ ಗಿರಣಿಯಲ್ಲಿ ಒಮ್ಮೆ ಅವಳ ಅವ್ವ ಸಿಕ್ಕರು. "ಏನಾಗೈತಿ ಅಂತ ಹೇಳವಲ್ಲಳವ್ವಾ. ನೀ ಒಂದ್ಸಲ ಬಂದ್ ಹೇಳಿದ್ರ ಕೇಳ್ತಾಳ" ಎಂದರು. ಅವರಿಗೆ ಅವಳು ಏನನ್ನೂ ಹೇಳಿರಲಿಲ್ಲ.

"ಬರ್ತೀನ್ರಿ ಕಾಕೂ," ಎಂದೆ. ಹೋಗಲಿಲ್ಲ. ಹೋಗದೇ ಇರಲು ಕಾರಣ ಹುಡುಕಬೇಕಾಗಲಿಲ್ಲ. ಮೆಟ್ಟಿಲಿನವರೂ ಪರೀಕ್ಷೆ ಮುಗಿದ ಮೇಲೆ ನನ್ನನ್ನು ಮರೆತರು ಎಂಬುದನ್ನು ಇಲ್ಲಿ ಬರೆದರೆ ನಾನೂ ಪಾಪದವಳು ಅನ್ನಿಸಬಹುದು. ಹಾಗೆ ಅಂದುಕೊಳ್ಳುವುದು ಬೇಡ.

ಹತ್ತು ವರ್ಷದ ಮೇಲಾಯಿತು. ಈಗ ನಾನು ಅಥಣಿ ಕಡೆಯ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ. ಕಳೆದ ವರ್ಷ ನಮಗೆಲ್ಲ ಹದಿಹರೆಯದ ಮಕ್ಕಳ ಅಂಜಿಕೆಯ ಬಗ್ಗೆ ಒಂದು ತರಬೇತಿ ಇತ್ತು. ಅನುಭವ ಹಂಚಿಕೊಳ್ಳಿ ಎಂದರು. ನಾನು ಎದ್ದು ಅವಳ ಕಥೆ ಹೇಳಿದೆ. ಬಸ್ಸು, ಟಾಕಿ, ಸ್ಟೇಜು, ಓಡಣಿ, ಎಲ್ಲ. ಅವಳನ್ನು ಕರೆದವರು ಯಾರು ಎಂಬಲ್ಲಿಗೆ ಬಂದಾಗ "ಯಾರೋ ಗೆಳತಿಯರು" ಎಂದು ಬಿಟ್ಟೆ. ನನ್ನ ಕಣ್ಣಲ್ಲಿ ನೀರು ಬಂತು, ಖರೆ ನೀರೇ. ಮೇಡಮ್ಮರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿರಿಯ ಮಾಸ್ತರೊಬ್ಬರು ಕೇಳಿದರು, "ಆ ಹುಡುಗಿ ಈಗ ಎಲ್ಲಿದ್ದಾಳ್ರಿ ಟೀಚರ್?"

"ಮನ್ಯಾಗ ಅದಾಳ್ರಿ. ಯಾರ ಜೋಡಿನೂ ಮಾತಾಡಂಗಿಲ್ಲ," ಎಂದೆ. ನನಗೆ ಗೊತ್ತಿರಲಿಲ್ಲ. ಕಥೆಗೆ ಅದೇ ಒಪ್ಪುತ್ತಿತ್ತು.

ಆ ಸುಳ್ಳು ಒಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ದೀಪಾವಳಿಗೆ ಊರಿಗೆ ಹೋದಾಗ ಅವ್ವನನ್ನು ಕೇಳಿದೆ. "ಅಯ್ಯ, ಆಕೀನ ಉಗಾರ ಬುದ್ರುಕ ಊರಿಗಿ ಕೊಟ್ಟ ಆರ ವರ್ಷ ಆತಲ್ಲ. ಮನ್ಯಾಗ ಹೊಲಿಗಿ ಮಾಡ್ತಾಳಂತ, ಎರಡ ಮಿಶನ್ ಅದಾವಂತ," ಎಂದಳು ಅವ್ವ. ಮರುದಿನ ಒಂದು ಬ್ಲೌಸ್ ಪೀಸು ಹಿಡಿದುಕೊಂಡು ಹೋದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮಾತಾಡದ ಹೆಂಗಸಿನ ಮುಂದೆ ಕೂತು ನಾನೇ ಎಲ್ಲ ಮಾತಾಡುವುದು, ಅವಳು ಅಳುವುದು, ಅವಳ ಕೈ ಹಿಡಿಯುವುದು. ಅಷ್ಟು ಚಿತ್ರ ತಲೆಯಲ್ಲಿ ತಯಾರಿತ್ತು.

ಅವಳ ದನಿ ರಸ್ತೆಗೇ ಕೇಳಿಸಿತು. ಫೋನಿನಲ್ಲಿ ಯಾರಿಗೋ ಮರಾಠಿಯಲ್ಲಿ, ಅಸ್ತರಿನ ಬಟ್ಟೆ ಇನ್ನೂ ಯಾಕೆ ಬಂದಿಲ್ಲವೆಂದು ಜಬರಿಸುತ್ತಿದ್ದಳು. ಫೋನು ಇಟ್ಟವಳೇ, ಆ ಅಂಗಡಿಯವನು ತಡವರಿಸಿದ್ದನ್ನು ಹಾಗೇ ಮಾಡಿ ತೋರಿಸಿದಳು. ಪಡಸಾಲೆಯಲ್ಲಿ ಕೂತಿದ್ದ ನಾಲ್ಕೈದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಾಗಿಲ ಹೊರಗೆ ನಿಂತುಬಿಟ್ಟೆ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಅವಳನ್ನು ಮನಸ್ಸಿನಲ್ಲಿ ಮೂಗಿಯಾಗಿಯೇ ಇಟ್ಟುಕೊಂಡು, ಅವಳಿಗಾಗಿ ಮರುಗಿ, ಆ ಮರುಕಕ್ಕೆ ಮಂದಿಯ ಕಣ್ಣೀರನ್ನೂ ಗಿಟ್ಟಿಸಿದ್ದೆ. ಇವಳು ಇಲ್ಲಿ ಓಣಿಯನ್ನೇ ನಗಿಸುತ್ತಾ ಕೂತಿದ್ದಾಳೆ! ನನ್ನನ್ನು ಕೇಳದೆ ಚೆನ್ನಾಗಿದ್ದುಬಿಟ್ಟಿದ್ದಳು.

ಒಳಗೆ ಹೋದೆ. ಅವಳು ತಲೆ ಎತ್ತಿದಳು. ಗುರುತು ಹಿಡಿದಳು, ಅದರಲ್ಲಿ ಸಂಶಯವಿಲ್ಲ. ಕೈಯಲ್ಲಿದ್ದ ಕತ್ತರಿ ಅರ್ಧ ಬಟ್ಟೆಯಲ್ಲಿ ನಿಂತಿತು. ಆಮೇಲೆ ಉಳಿದರ್ಧವನ್ನೂ ಕತ್ತರಿಸಿ ಮುಗಿಸಿ, "ಬರ್ರಿ, ಕೂಡ್ರಿ. ಬ್ಲೌಸ್ ಏನ್ರಿ?" ಎಂದಳು.

ಪೀಸು ಕೊಟ್ಟೆ. ಟೇಪು ತೆಗೆದುಕೊಂಡು ನನ್ನ ಹಿಂದೆ ನಿಂತು ಭುಜ ಅಳೆದಳು. "ನಾ..." ಎಂದು ಶುರು ಮಾಡಿದೆ.

"ಕೈ ಮ್ಯಾಲ ಮಾಡ್ರಿ," ಎಂದಳು.

ಕೈ ಎತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ನನಗೆ ಹೇಳತೊಡಗಿದಳು, "ಈಕಿ ಬಾಯಿ ಏನ್ ಕೇಳ್ತೀರಿ ಅಕ್ಕಾರ! ಮದಿವ್ಯಾಗಿ ಬಂದಾಗ ಒಂದ ಮಾತ ಹೊಂಡ್ತಿರಲಿಲ್ಲ. ಈಕಿ ಅತ್ತಿಗಿ ಕಿವಿ ಮಂದ. 'ಅತ್ತೀ, ಚಾ ಕುಡೀರಿ' ಅನ್ನಾಕ ಓಣಿಗೆಲ್ಲಾ ಕೇಳೂವಂಗ ಒದರಬೇಕು. ಒದರಿ ಒದರಿ ಹಿಂಗಾಗ್ಯಾಳ ನೋಡ್ರಿ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಸ್ಟೇಜು ಹತ್ತಿಸಿ ನಾವು ಕೆಡಿಸಿದ್ದನ್ನು ಒಬ್ಬ ಕಿವಿ ಕೇಳದ ಮುದುಕಿ, ತಾನೇನು ಮಾಡುತ್ತಿದ್ದೇನೆಂದು ತಿಳಿಯದೆ, ಚಹಾ ಕುಡಿಯುತ್ತಾ ಸರಿಮಾಡಿದ್ದಳು.

"ನಿಮ್ದು ಯಾವೂರ್ರಿ?" ಎಂದಳು ಅದೇ ಹೆಂಗಸು.

"ದಿಗ್ಗೇವಾಡಿ," ಎಂದೆ.

"ಅಯ್ಯ ನಮ್ಮವ್ವ! ಈಕಿ ತವರಮನೀನೂ ಅದ ಅಲ್ಲ? ಒಬ್ಬರಿಗೊಬ್ಬರು ಗುರ್ತ ಇಲ್ಲೇನ?"

ನಾನು ಅವಳ ಮುಖ ನೋಡಿದೆ. ಒಂದು ಕಾಲದಲ್ಲಿ ಅವಳು ನನ್ನ ಮುಖ ನೋಡಿ ಕಾದಂತೆ ಕಾದೆ. ಅವಳು ತೋಳಿನ ಸುತ್ತಳತೆ ತೆಗೆಯುತ್ತಿದ್ದಳು.

"ಊರ ದೊಡ್ಡದೈತ್ರಿ," ಎಂದಳು. "ಎಲ್ಲಾರೂ ಗುರ್ತ ಎಲ್ಲಿ ಇರ್ತಾರ?"

ಅಳತೆ ಮುಗಿಯಿತು. ಅವಳು ಮಿಶನ್ನಿನ ಮೇಲಿಂದ ವಹಿ ತೆಗೆದು, ಪೆನ್ನಿನ ಟೊಪ್ಪಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿ, ಅಂಕಿಗಳನ್ನು ಒಂದರ ಕೆಳಗೊಂದು ಬರೆದಳು. ಆಮೇಲೆ ನನ್ನನ್ನು ನೇರವಾಗಿ ನೋಡಿ, ಬೇರೆ ಯಾವ ಗಿರಾಕಿಗಾದರೂ ಕೇಳುವ ಹಾಗೆ ಕೇಳಿದಳು.

"ನಿಮ್ಮ ಹೆಸರ ಏನಂತ ಬರಕೊಳ್ಳಲಿ?"

ಹೇಳಿದೆ. ಬರೆದುಕೊಂಡಳು.